ಗೋಡೆಯೊಳಗಿನ ಜೇನು

"ಗೋಡೆ ಸದ್ದು ಕಮ್ಮಿಯಾಗಿದೆ ಕಣಪ್ಪ," ಎಂದಳು ತಾಯಿ.

ಮಗ ಬಡಗಿ. ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಒಳಕೋಣೆಯ ಕಲ್ಲುಗೋಡೆಯ ಸಂದಿಯಲ್ಲಿ, ಅವನು ಹುಟ್ಟುವ ಮೊದಲೇ ಜೇನೊಂದು ಸಂಸಾರ ಹೂಡಿತ್ತು. ಯಾರೂ ಸಾಕಿದ್ದಲ್ಲ, ತಾನಾಗಿ ಬಂದದ್ದು. ಮಂಡಿನೋವಿನಿಂದ ಮಂಚ ಹಿಡಿದಿದ್ದ ತಾಯಿಗೆ ಆ ಗೋಡೆಗೆ ಕಿವಿಗೊಟ್ಟು ಮಲಗುವುದು ರೂಢಿ.

"ನಿನ್ನ ಕಿವಿ ಮಂದ ಆಗಿದೆ ಅಮ್ಮ. ನಮ್ಮನೇಲಿ ಜೇನಿಗೇನು ಬರ? ಹಿತ್ತಲಲ್ಲಿ ಇಪ್ಪತ್ತು ಜೇನುಪೆಟ್ಟಿಗೆ ಇಟ್ಟಿದೀನಲ್ಲ."

"ಉಳಿ ಸಿಗದೆ ನೀನು ಗೊಣಗೋದು ಇಲ್ಲಿಗೇ ಕೇಳ್ಸುತ್ತೆ. ಕಿವಿ ಸರಿಯಾಗೇ ಇದೆ."

ಅವಳು ಬೀದಿಯ ಕೊನೆಮನೆಯ ಜೇನಕ್ಕನಿಗೆ ಹೇಳಿ ಕಳಿಸಿದಳು. ಇಪ್ಪತ್ತೈದು ವರ್ಷ ಜೇನು ಸಾಕಿದ ಹೆಂಗಸು. ಅವಳ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತು. ಬಂದವಳೇ ಗೋಡೆಗೆ ಕಿವಿಯಿಟ್ಟಳು. ಆಮೇಲೆ ಹೊರಗೆ ಹೋಗಿ, ಗೂಡಿನ ಬಾಯಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದಳು. ನೀರು ತುಂಬಿದ ಚೀಲದಂತೆ ಊದಿಕೊಂಡ ಸತ್ತ ಮರಿಹುಳುಗಳು ಬಿದ್ದಿದ್ದವು.

"ಇದು ಅಂಟುರೋಗ, ತಮ್ಮ. ನಿನ್ನ ಪೆಟ್ಟಿಗೆ ತೆಗಿ, ನೋಡೋಣ."

ಮೂರು ಪೆಟ್ಟಿಗೆಗಳಲ್ಲಿ ಅಂಥವೇ ಮರಿಗಳಿದ್ದವು.

"ಇರಬಹುದು ಅಕ್ಕ. ಆದ್ರೆ ಪೆಟ್ಟಿಗೆ ಜೇನಿಗೂ ಗೋಡೆ ಜೇನಿಗೂ ಎಲ್ಲಿಯ ನಂಟು? ಅವುಗಳ ಮನೆ ಅವಕ್ಕೆ, ಇವುಗಳ ಮನೆ ಇವಕ್ಕೆ. ನಾನು ಜೇನು ಹೆಚ್ಚು ಮಾಡ್ತಿದೀನೇ ಹೊರತು ಕಮ್ಮಿ ಮಾಡ್ತಿಲ್ಲ."

ಜೇನಕ್ಕ ವಾದಕ್ಕೆ ಇಳಿಯಲಿಲ್ಲ. "ಒಂದು ಹಿಡಿ ಹಿಟ್ಟು ತಗೊಂಡು ಬಾ. ಹಲಗೆ ಮೇಲೆ ಗೆರೆ ಹಾಕ್ತೀಯಲ್ಲ, ಆ ಕೆಂಪು ಪುಡೀನೂ ತಾ."

ಪೆಟ್ಟಿಗೆಗಳಿಂದ ಹೊರಡುತ್ತಿದ್ದ ಹುಳುಗಳ ಮೇಲೆ ಅವಳು ತೆಳ್ಳಗೆ ಹಿಟ್ಟು ಉದುರಿಸಿದಳು. ಜೇನು ಹಿಂಡಿದ ಮೇಲೆ ಬಡಗಿ ಹಿತ್ತಲ ಮೂಲೆಗೆ ಎಸೆದಿದ್ದ ಹಳೆಯ ಮೇಣದ ಎರಿಗಳನ್ನು ಕೆಲವು ಹುಳುಗಳು ನೆಕ್ಕುತ್ತಿದ್ದವು. ಅವುಗಳ ಮೇಲೆ ಕೆಂಪು ಪುಡಿ ಉದುರಿಸಿದಳು.

ಬೀದಿಯಾಚೆಯ ಹೂಬಿಟ್ಟ ಮರಕ್ಕೆ ಹೋಗಿ ನೋಡಿದರೆ, ಹತ್ತು ಹುಳುಗಳಲ್ಲಿ ಎಂಟು ಬಿಳಿಯವು.

"ಇಪ್ಪತ್ತು ಮನೆ ನೆಂಟರು ಒಟ್ಟಿಗೆ ಉಣ್ಣೋಕೆ ಕೂತ್ರೆ ಮನೆಯವರಿಗೆ ಏನು ಉಳಿಯುತ್ತೆ ಹೇಳು," ಎಂದಳು ಜೇನಕ್ಕ.

ಆಮೇಲೆ ಇಬ್ಬರೂ ಗೋಡೆಯ ಬಳಿ ಕೂತರು. ಸ್ವಲ್ಪ ಹೊತ್ತಿಗೆ ಒಂದು ಕೆಂಪು ಹುಳು ಬಂದು ಸಂದಿಯೊಳಗೆ ನುಸುಳಿತು. ಹಿಂದೆಯೇ ಇನ್ನೊಂದು, ಮತ್ತೆ ಮೂರು. ಬಡಗಿ ಎಸೆದ ಎರಿಯ ರೋಗ ಅವನ ಕಣ್ಣೆದುರಿಗೇ ಕಲ್ಲಿನೊಳಗೆ ಹೋಗುತ್ತಿತ್ತು.

ಬಡಗಿ ಮುಂದಕ್ಕೆ ಬಗ್ಗಿದ. ಅಷ್ಟು ವರ್ಷ ಅದೇ ಮನೆಯಲ್ಲಿದ್ದರೂ ಅವನು ಆ ಸಂದಿಯ ಮುಂದೆ ಕೂತಿದ್ದು ಅದೇ ಮೊದಲು. ಗೂಡಿನ ಬಾಯಲ್ಲಿ ಹುಳುಗಳು ಸಾಲಾಗಿ ತಲೆ ತಗ್ಗಿಸಿ ನಿಂತು ರೆಕ್ಕೆ ಬೀಸುತ್ತಿದ್ದವು. ಅಂಗೈ ಒಡ್ಡಿದ. ಕಲ್ಲಿನೊಳಗಿಂದ ಬೆಚ್ಚಗಿನ, ಸಿಹಿವಾಸನೆಯ ಗಾಳಿ ಬಂದು ತಾಗಿತು. ಅಷ್ಟರಲ್ಲಿ ಒಂದು ಹುಳು ಸತ್ತ ಮರಿಯನ್ನು ಎಳೆದುಕೊಂಡು ಬಂತು. ಎಡವಿತು, ಬಿತ್ತು, ಮತ್ತೆ ಕಚ್ಚಿಕೊಂಡು ದೂರಕ್ಕೆ ಹಾರಿತು.

"ಇದನ್ನೆಲ್ಲ ಇವಕ್ಕೆ ಯಾರು ಹೇಳಿಕೊಟ್ರು ಅಕ್ಕ?"

"ಯಾರೂ ಇಲ್ಲ. ಮನೆ ಗುಡಿಸೋದು ಅವು ನಮಗಿಂತ ಮೊದಲೇ ಕಲ್ತಿವೆ. ಆದ್ರೆ ಎಷ್ಟು ಅಂತ ಗುಡಿಸ್ತಾವೆ?" ಜೇನಕ್ಕನ ದನಿ ತಗ್ಗಿತು. "ನಾನೂ ಹಿಂಗೇ ಬಯಲಲ್ಲಿ ಎರಿ ಎಸೀತಿದ್ದೆ. ಗುಡ್ಡದ ಮರದ ಪೊಟರೆಗಳಲ್ಲಿ ನಾಲ್ಕು ಗೂಡಿದ್ವು. ಒಂದೇ ವರ್ಷಕ್ಕೆ ನಾಲ್ಕೂ ಖಾಲಿಯಾದ್ವು."

ಬಡಗಿ ಅಂದೇ ರೋಗದ ಎರಿಗಳನ್ನೂ ಮೂಲೆಗೆ ಎಸೆದಿದ್ದವನ್ನೂ ಸುಟ್ಟ. ಚಾಕು, ಪಾತ್ರೆಗಳನ್ನು ಕುದಿಯುವ ನೀರಿಗೆ ಹಾಕಿದ. ಆಮೇಲೆ ಹಿಂಡಿ ಮಿಕ್ಕ ಎರಿಗಳನ್ನು ಮುಚ್ಚಳವಿದ್ದ ಡಬ್ಬಕ್ಕೆ ತುಂಬಿದ. ರೋಗ ಪೂರ್ತಿ ಹೋಗುವವರೆಗೂ ಒಂದು ಪೆಟ್ಟಿಗೆಯನ್ನೂ ಹಿತ್ತಲಿನಿಂದ ಆಚೆ ಕಳಿಸಲಿಲ್ಲ. ಜೇನಕ್ಕ ಒಂದೊಂದನ್ನೂ ನೋಡಿ ಸರಿ ಎಂದ ಮೇಲೆ ಆರನ್ನು ಮಾತ್ರ ಉಳಿಸಿಕೊಂಡು, ಉಳಿದವನ್ನು ಹೂವು ಹೆಚ್ಚಿರುವ ದೂರದ ತೋಟಗಳಿಗೆ ಎರಡೆರಡರಂತೆ ಹಂಚಿದ.

ಮುಂದಿನ ಹೂವಿನ ಕಾಲ. ಒಂದು ಮಧ್ಯಾಹ್ನ ಗೋಡೆಯ ಸಂದಿಯಿಂದ ಜೇನು ಧುಮುಕಿತು. ಸಾವಿರಾರು ಹುಳು ಅಂಗಳದ ತುಂಬ ಸುತ್ತಿ, ಬಾಗಿಲ ಮುಂದಿನ ಕೊಂಬೆಗೆ ಗೊಂಚಲಾಗಿ ಇಳಿಬಿದ್ದವು. ಗೂಡು ತುಂಬಿ, ಅರ್ಧ ಸಂಸಾರ ಹೊಸ ಮನೆ ಹುಡುಕಿ ಹೊರಟಿತ್ತು. ತಾಯಿ ಗೋಡೆ ಹಿಡಿದು ಹೊಸ್ತಿಲವರೆಗೆ ಬಂದಿದ್ದಳು. ಬಡಗಿ ಅಭ್ಯಾಸಬಲದಿಂದ ಖಾಲಿ ಪೆಟ್ಟಿಗೆ ತಂದ. ಕೊಂಬೆಯ ಕೆಳಗೆ ನಿಂತು, ತಲೆಯೆತ್ತಿ ಬಹಳ ಹೊತ್ತು ನೋಡಿದ. ಪೆಟ್ಟಿಗೆಯನ್ನು ಕೆಳಗಿಟ್ಟ.

"ಹಿಡಿಯಲ್ವೇನೋ?" ಎಂದಳು ತಾಯಿ.

"ಇಲ್ಲಮ್ಮ. ಇವು ಗುಡ್ಡಕ್ಕೆ ಹೋಗ್ಲಿ. ಅಲ್ಲಿ ಪೊಟರೆಗಳು ಖಾಲಿ ಇವೆ."

ಗೊಂಚಲು ಬಿಚ್ಚಿಕೊಂಡಿತು. ಮೋಡದಂತೆ ಎದ್ದು, ಮನೆಗಳ ಮೇಲಿಂದ ಗುಡ್ಡದ ಕಡೆಗೆ ಸಾಗಿತು. ತಾಯಿ ಮಗ ಇಬ್ಬರೂ ಕೈ ಮುಗಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ನೀವೂ ಜೇನು ಸಾಕುತ್ತೀರಾ? ಸಾಕಿ, ಒಳ್ಳೆಯ ಕೆಲಸ. ಆದರೆ ಸುತ್ತಲಿನ ಹೂವು ನೋಡಿಕೊಂಡು ಪೆಟ್ಟಿಗೆ ಇಡಿ. ಹಳೆಯ ಎರಿಯನ್ನು ಬಯಲಿಗೆ ಎಸೆಯಬೇಡಿ. ಪೆಟ್ಟಿಗೆ ತುಂಬಿಸಲು ಕಾಡಿನ ಗೂಡು ಕೀಳಬೇಡಿ. ಇವತ್ತೇ ಮುಚ್ಚಳ ತೆಗೆದು ನಿಮ್ಮ ಜೇನಿನ ಮರಿಗಳನ್ನು ನೋಡಿ. ಪೆಟ್ಟಿಗೆಯ ಜೇನಿಗೆ ಕಾಯಿಲೆ ಬಂದರೆ ನೋಡಿಕೊಳ್ಳಲು ನೀವಿದ್ದೀರಿ. ಕಾಡಿನ ಜೇನಿಗೆ ಯಾರೂ ಇಲ್ಲ. ನಿಮ್ಮ ಎಚ್ಚರವೇ ಅದಕ್ಕಿರುವ ಮದ್ದು.