ಸೊನ್ನೆಗಿಳಿದ ಕಂಪನ

ಬೈಯಪ್ಪನಹಳ್ಳಿಯ ಹಳೇ ಊರಿನಲ್ಲಿ ದೊಡ್ಡಮುನಿಯಪ್ಪ ತನ್ನ ಮನೆಯ ಗೇಟಿನ ಕಂಬಕ್ಕೆ ಕರೀ ಗ್ರಾನೈಟ್ ಕಲ್ಲೊಂದನ್ನು ಕೂರಿಸಿದ್ದ. ಅದರಲ್ಲಿ ಬೆರಳು ಹೂತುಹೋಗುವಷ್ಟು ಆಳವಾಗಿ ಕೆತ್ತಿಸಿದ್ದ ಹೆಸರು, ಡಾ. ಸುಕನ್ಯ. ಮಗಳು ಸುಕನ್ಯ ಇನ್ನೂ ಡಾಕ್ಟರ್ ಆಗಿರಲಿಲ್ಲ, ಪಿಎಚ್‌ಡಿಯ ಕೊನೆಯ ಅಧ್ಯಾಯ ಬರೆಯುತ್ತಿದ್ದಳು ಅಷ್ಟೇ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ದೊಡ್ಡಮುನಿಯಪ್ಪನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ದ್ರಾಕ್ಷಿ ತೋಟವಿದ್ದ ಕಾಲದಲ್ಲಿ ಬಳ್ಳಿ ಹೂ ಬಿಟ್ಟ ಕೂಡಲೇ ಹಣ್ಣಿನ ಬುಟ್ಟಿ ಹೆಣೆಸಿಡುತ್ತಿದ್ದ ಮನುಷ್ಯ. ತೋಟ ಹೋಗಿ ಅಲ್ಲಿ ಬಾಡಿಗೆ ಮನೆಗಳು ಎದ್ದರೂ ಆ ಬುದ್ಧಿ ಹೋಗಿರಲಿಲ್ಲ.

ಆ ಕಲ್ಲಿನಿಂದ ಆದ ಫಜೀತಿ ಒಂದೆರಡಲ್ಲ. ಬಾಡಿಗೆ ಮನೆಯ ಜಟ್ಟೆಮ್ಮ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು, ಒಂದು ಬೆಳಿಗ್ಗೆ ಮೊಣಕಾಲು ತೋರಿಸಲು ಬಂದು ಕೂತೇಬಿಟ್ಟಳು.

"ನಾನು ಆ ಡಾಕ್ಟ್ರಲ್ಲ ಜಟ್ಟೆಮ್ಮ," ಎಂದಳು ಸುಕನ್ಯ. "ಪರಮಾಣು ಅಂತ ಇರುತ್ತಲ್ಲ, ಅದರ ನಡುವೆ ಒಂದು ಬೀಜ ಇರುತ್ತೆ. ಅದು ಹೆಂಗೆ ನಡುಗುತ್ತೆ ಅಂತ ಲೆಕ್ಕ ಹಾಕ್ತೀನಿ."

"ನಡಗತದೇನ್ರೀ? ಹಂಗಾರ ಅದಕ್ಕೂ ಜ್ವರ ಬಂದಿರಬೇಕು ಬಿಡ್ರಿ," ಎಂದು ಜಟ್ಟೆಮ್ಮ ಮೊಣಕಾಲು ನೀವಿಕೊಳ್ಳುತ್ತಾ ಎದ್ದು ಹೋದಳು.

ನಡುಗುವುದಂತೂ ನಿಜ. ಶಾಲೆಯ ಪುಸ್ತಕದಲ್ಲಿ ಈ ಬೀಜ, ಅಂದರೆ ನ್ಯೂಕ್ಲಿಯಸ್, ಗೋಲಿಯ ಹಾಗೆ ದುಂಡಗಿರುತ್ತದೆ. ಸುಕನ್ಯ ಹಿಡಿದು ಕೂತಿದ್ದ ನ್ಯೂಕ್ಲಿಯಸ್‌ಗಳು ಅಂಥವಲ್ಲ. ಅವು ಅಪ್ಪನ ತೋಟದ ಉದ್ದ ದ್ರಾಕ್ಷಿಯ ಆಕಾರದವು. ಒಳಗೆ ನೂರೈವತ್ತರ ಮೇಲೆ ಕಣಗಳು, ಒಂದೊಂದೂ ತನ್ನ ಪಾಡಿಗೆ ಸುತ್ತಾಡುತ್ತಿರುತ್ತದೆ. ಆದರೆ ಸ್ವಲ್ಪ ಶಕ್ತಿ ಕೊಟ್ಟರೆ ಎಲ್ಲವೂ ಸೇರಿ ಒಂದೇ ತಾಳಕ್ಕೆ ಕಂಪಿಸುತ್ತವೆ. ಆ ಒಟ್ಟು ಕಂಪನವನ್ನು ಕಂಪ್ಯೂಟರಿನೊಳಗೆ ಕಟ್ಟಿ ನೋಡುವುದೇ ಅವಳ ಕೆಲಸ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಈ ಕೊಡಗಳು ತುಂಬಿದ್ದೂ ತುಳುಕುತ್ತವೆ, ಅದಕ್ಕೇ ಅವು ಅವಳಿಗೆ ಇಷ್ಟ.

ಅವಳ ಡಿಪಾರ್ಟ್‌ಮೆಂಟು ಇದ್ದದ್ದು ದಂಡು ರೈಲ್ವೆ ಸ್ಟೇಷನ್ನಿನ ಹಿಂದಿನ ಒಂದು ಕಲ್ಲು ಕಟ್ಟಡದಲ್ಲಿ. ಅಲ್ಲಿಯ ದೊಡ್ಡ ಹೆಸರು ಅವಳ ಗೈಡ್ ಪ್ರೊಫೆಸರ್ ಪೀರಪ್ಪನವರದು. ಹಿಂದೆ ಅವರು ಒಂದು ನ್ಯೂಕ್ಲಿಯಸ್‌ನಲ್ಲಿ ಹೊಸ ಬಗೆಯ ಕಂಪನವಿದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಪ್ರೋಟಾನುಗಳದೊಂದು ಗುಂಪು, ನ್ಯೂಟ್ರಾನುಗಳದೊಂದು ಗುಂಪು, ಎರಡೂ ಕತ್ತರಿಯ ಅಲಗಿನ ಹಾಗೆ ಒಂದಕ್ಕೊಂದು ಅಡ್ಡಡ್ಡ ಆಡುತ್ತವೆ ಎಂದು. ಅದರ ಚಿತ್ರಕ್ಕೆ ಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದ್ದರು. ಹೊಸದಾಗಿ ಸೇರಿದವರು ಅದರ ಮುಂದೆ ನಿಂತು ತಲೆದೂಗಿಯೇ ಒಳಗೆ ಹೋಗಬೇಕು, ದೇವಸ್ಥಾನದಲ್ಲಿ ಗರುಡಗಂಬ ಇದ್ದಂತೆ.

ಪೀರಪ್ಪನವರ ಶಿಷ್ಯರಿಗೆಲ್ಲ ಒಂದೇ ಪ್ರೋಗ್ರಾಮು. ಹಿರಿಯರಿಂದ ಕಿರಿಯರಿಗೆ ಫ್ಲಾಪಿಯಲ್ಲಿ ಇಳಿದು ಬರುತ್ತಿತ್ತು. ಅದರೊಳಗೆ ಒಂದು ಅಂಕಿ ಇತ್ತು, ಕಣಗಳು ಒಂದನ್ನೊಂದು ಎಷ್ಟು ಬಲವಾಗಿ ಎಳೆಯುತ್ತವೆ ಎಂದು ಹೇಳುವ ಅಂಕಿ. ಮಿಕ್ಕಿದ್ದನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಈ ಅಂಕಿಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಸರ್ ಇಟ್ಟದ್ದು, ಮನೆದೇವರ ಹಾಗೆ ಇದ್ದಲ್ಲೇ ಇರಬೇಕು. ಅದನ್ನೇ ನಂಬಿ ಹಿಂದಿನವರೆಲ್ಲ ಡಾಕ್ಟರಾಗಿ ಹೋಗಿದ್ದರು. ಸುಕನ್ಯಳೂ ಅದನ್ನೇ ನಂಬಿ, ಅದೇ ಕತ್ತರಿ ಕಂಪನ ಅಕ್ಕಪಕ್ಕದ ಐದು ನ್ಯೂಕ್ಲಿಯಸ್‌ಗಳಲ್ಲೂ ಇದೆ ಎಂದು ಲೆಕ್ಕ ಹಾಕಿದ್ದಳು. ಅವಳ ಪ್ರಬಂಧದ ಜೀವವೇ ಆ ಅಧ್ಯಾಯ. ಪೀರಪ್ಪನವರು ಅದನ್ನು ಓದಿ, "ಬಂಗಾರದಂಥ ಕೆಲ್ಸ," ಎಂದಿದ್ದರು.

ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಲೈಬ್ರರಿಗೆ ಬಂದ ಪತ್ರಿಕೆಯೊಂದರಲ್ಲಿ ಹೊರದೇಶದ ಪ್ರಯೋಗದವರ ವರದಿ ಇತ್ತು. ಆ ಐದರಲ್ಲಿ ಒಂದನ್ನು ಅವರು ಜಾಲಾಡಿ ನೋಡಿದ್ದರು. ಸುಕನ್ಯಳ ಲೆಕ್ಕ ಹೇಳಿದ ಶಕ್ತಿಯಲ್ಲಿ ಯಾವ ಕಂಪನವೂ ಸಿಕ್ಕಿರಲಿಲ್ಲ.

"ಅವರ ಯಂತ್ರ ಸರಿ ಇಲ್ಲ, ಬಿಡು," ಎಂದರು ಪೀರಪ್ಪನವರು.

ಸುಕನ್ಯಳಿಗೆ ಬಿಡಲಾಗಲಿಲ್ಲ. ಅನುಮಾನ ಹುಟ್ಟಿದ ಮೇಲೆ ಅದು ಹಲ್ಲಿನ ಸಂದಿಯ ನಾರಿದ್ದಂತೆ, ನಾಲಿಗೆ ಅಲ್ಲಿಗೇ ಹೋಗುತ್ತದೆ. ಕಂಪ್ಯೂಟರ್ ಕೋಣೆಗೆ ಹೋಗಿ ಕೂತು, ಯಾರೂ ಮುಟ್ಟದ ಆ ಅಂಕಿಯನ್ನು ಮುಟ್ಟಿದಳು. ಸ್ವಲ್ಪವೇ ಏರಿಸಿದಳು. ಕತ್ತರಿ ಕಂಪನದ ಶಕ್ತಿ ಸ್ವಲ್ಪ ಇಳಿಯಿತು. ಇನ್ನೂ ಏರಿಸಿದಳು, ಇನ್ನೂ ಇಳಿಯಿತು. ನ್ಯೂಕ್ಲಿಯಸ್‌ನ ಆಕಾರಕ್ಕೆ ಸರಿಹೊಂದುವ ಬಲ ಎಷ್ಟಿರಬೇಕೋ ಅಷ್ಟಕ್ಕೆ ತಂದು ನಿಲ್ಲಿಸಿದಾಗ ಕಂಪನ ಸೊನ್ನೆಗೆ ಇಳಿದು ಕೂತಿತ್ತು.

ಪಕ್ಕದ ಮೇಜಿನಲ್ಲಿ ಮಜೀದಾ ಇದ್ದರು. ಶಿವಾಜಿನಗರದವರು, ಅದೇ ಡಿಪಾರ್ಟ್‌ಮೆಂಟಿನಲ್ಲಿ ಲೆಕ್ಚರರ್. ಪೀರಪ್ಪನವರ ಶಿಷ್ಯೆಯಲ್ಲವಾದ್ದರಿಂದ ಅವರಿಗೆ ಆ ಅಂಕಿಯ ಮೇಲೆ ಭಕ್ತಿ ಇರಲಿಲ್ಲ.

"ಅರೇ, ಇದು ಕಂಪನಾನೇ ಅಲ್ವಲ್ಲ ಸುಕನ್ಯಾ," ಎಂದರು ಪರದೆಯನ್ನು ನೋಡಿ. "ಪೂರಾ ನ್ಯೂಕ್ಲಿಯಸ್ಸೇ ತಿರುಗ್ತಾ ಇದೆ, ಅಷ್ಟೇ."

ಸಂಗತಿ ಇಷ್ಟೇ. ನ್ಯೂಕ್ಲಿಯಸ್ ಇಂಥ ದಿಕ್ಕಿಗೇ ಮುಖ ಮಾಡಿರಬೇಕು ಎಂಬುದಿಲ್ಲ. ಇಡಿಯಾಗಿ ಅದನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಖರ್ಚಾಗುವ ಶಕ್ತಿ ಸೊನ್ನೆ. ಆದರೆ ಲೆಕ್ಕ ಹಾಕುವವರು ಅನುಕೂಲಕ್ಕೆಂದು ಅದನ್ನು ಒಂದು ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿಕೊಳ್ಳುತ್ತಾರೆ. ಬಲದ ಅಂಕಿ ಅದಕ್ಕೆ ಹೊಂದಿಕೊಳ್ಳದಿದ್ದರೆ, ಬರೀ ತಿರುಗಾಟವೂ ಕಂಪನದ ವೇಷ ಕಟ್ಟಿಕೊಂಡು ಬಂದು ನಿಲ್ಲುತ್ತದೆ. ಸೊಂಟದ ಮೇಲಿನ ಕೊಡವನ್ನೇ ತಿರುಗಿಸಿ, ಒಳಗೆ ನೀರು ತುಳುಕಿತು ಎಂದ ಹಾಗೆ. ಪೀರಪ್ಪನವರು ಕಂಡದ್ದು ಅದನ್ನೇ. ಸುಕನ್ಯ ಐದು ಕಡೆ ಕಂಡದ್ದೂ ಅದನ್ನೇ.

ಆ ತಿರುಗಾಟವನ್ನು ಜಾಲಿಸಿ ತೆಗೆದ ಮೇಲೆ ಒಂದು ಕತ್ತರಿ ಕಂಪನ ಉಳಿಯಿತು. ಅದರ ಶಕ್ತಿ ಇನ್ನೂ ಮೇಲೆ, ಬೇರೆಲ್ಲೋ ಇತ್ತು. ಸಣ್ಣದು, ಬಡಕಲು. ಆದರೆ ಅಂಕಿಯನ್ನು ಹೇಗೆ ಆಡಿಸಿದರೂ ಅದು ಸೊನ್ನೆಗೆ ಬೀಳಲಿಲ್ಲ.

ಮಾರನೆಯ ದಿನ ಸುಕನ್ಯ ತನ್ನ ಗೈಡ್ ಕೋಣೆಗೆ ಹೋಗಿ ಲೆಕ್ಕದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ಪೀರಪ್ಪನವರು ಒಂದೊಂದನ್ನೇ ತಿರುವಿ ನೋಡಿದರು. ಅವರು ಪೆದ್ದರಲ್ಲ. ಅವರ ಮುಖ ಇಳಿದದ್ದನ್ನು ಕಂಡು ಅವಳಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು.

"ನೋಡಮ್ಮ," ಎಂದರು ಕೊನೆಗೆ. "ಮುಂದಿನ ವಾರ ನಿನ್ನ ಸೆಮಿನಾರು. ಇದನ್ನ ತೋರಿಸ್ಬೇಡ. ಹಳೇ ಅಂಕಿಯಲ್ಲೇ ಮುಗಿಸು, ಅವತ್ತೇ ಸಹಿ ಹಾಕ್ತೀನಿ. ಹೆಸರಿನ ಮುಂದೆ ಡಾಕ್ಟರ್ ಬರ್ಲಿ, ಆಮೇಲೆ ಏನು ಬೇಕಾದ್ರೂ ಬರ್ಕೋ."

"ಆಮೇಲೆ ಬರೆದ್ರೆ, ಇವತ್ತು ಗೊತ್ತಿದ್ದೇ ಸುಳ್ಳು ಹೇಳ್ದಂಗಾಯ್ತಲ್ಲ ಸರ್?"

"ನಿನ್ನ ಅಧ್ಯಾಯಾನೂ ಹೋಗುತ್ತೆ. ಯೋಚ್ನೆ ಮಾಡು. ನನ್ನ ಕಾಲಿಗೆ ಕೊಡಲಿ ಹಾಕಕ್ಕೆ ಹೋಗಿ ನಿನ್ನ ಕಾಲೇ ಕಡ್ಕೋತೀಯ."

ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಶಿವಾಜಿನಗರದ ಬಸ್‌ಸ್ಟ್ಯಾಂಡಿನವರೆಗೂ ಬಿರಬಿರನೆ ನಡೆದಳು. ಹಲಸೂರು ದಾಟುವವರೆಗೂ ಬಸ್ಸಿನ ಕಂಬಿಯನ್ನು ಯಾರದೋ ಕತ್ತಿನ ಹಾಗೆ ಅಮುಕಿ ಹಿಡಿದಿದ್ದಳು.

ಮನೆಯಲ್ಲಿ ಅಮ್ಮ ಆಂಜನಮ್ಮ ಹಾಕಿಟ್ಟ ಮುದ್ದೆ ಆರುತ್ತಿತ್ತು. ದೊಡ್ಡಮುನಿಯಪ್ಪ ಊಟ ಮುಗಿಸಿ ಎಲೆಅಡಿಕೆ ಹಾಕುತ್ತಾ, ಊರವರನ್ನೆಲ್ಲ ಎಂದು ಊಟಕ್ಕೆ ಕರೆಯಬೇಕು ಎಂದು ಕೇಳಿದ.

"ಕರೀಬೇಡ ಅಪ್ಪ. ಡಿಗ್ರಿ ಬರುತ್ತೋ ಇಲ್ವೋ ಗೊತ್ತಿಲ್ಲ. ಸರ್‌ಗೂ ನಂಗೂ ಆಗ್ತಿಲ್ಲ."

"ಮೇಷ್ಟ್ರ ಹತ್ರ ಏನವ್ವಾ ಜಗಳ? ಅವರು ಹೇಳ್ದಂಗೆ ಕೇಳ್ಬಿಡು. ತುಂಬಿದ್ ಕೊಡ ತುಳುಕಲ್ಲ."

"ತುಳುಕುತ್ತೆ!" ಎಂದು ಸುಕನ್ಯ ಕೂಗಿದ ರಭಸಕ್ಕೆ ಆಂಜನಮ್ಮನ ಕೈಯಿಂದ ಸಾರಿನ ಸೌಟು ಬಿತ್ತು. "ಐದು ವರ್ಷದಿಂದ ಅದನ್ನೇ ಓದ್ತಿರೋದು ನಾನು. ತುಂಬಿದ್ರೂ ತುಳುಕುತ್ತೆ. ನಿಮಗ್ಯಾರಿಗೂ ಗೊತ್ತಿಲ್ಲ!"

ಅಪ್ಪ ಬಾಯಿ ತೆರೆದುಕೊಂಡು ಕೂತ. ಆ ಮನೆಯಲ್ಲಿ ಅವನ ಮಾತಿಗೆ ಎಲ್ಲರೂ ಒಟ್ಟಿಗೆ ತಿರುಗುವುದೇ ರೂಢಿ. ಒಬ್ಬಳು ನಿಂತಲ್ಲೇ ಹೀಗೆ ನಡುಗಿದ್ದನ್ನು ಅವನು ನೋಡಿರಲಿಲ್ಲ.

ಸೆಮಿನಾರಿನ ದಿನ ಬಂತು. ಪ್ರಬಂಧ ಒಪ್ಪಿಸುವ ಮುಂಚೆ ಎಲ್ಲರ ಎದುರು ಮಾಡುವ ಈ ಭಾಷಣಕ್ಕೆ ಡಿಪಾರ್ಟ್‌ಮೆಂಟಿನಲ್ಲಿ ಒಂದು ಪದ್ಧತಿ ಇತ್ತು. ಮಾತು ಮುಗಿದ ಕೂಡಲೇ ಗೈಡ್ ಮೊದಲು ಎದ್ದು, "ಪ್ರಶ್ನೆ ಏನೂ ಇಲ್ಲ ಅಲ್ವಾ?" ಎಂದು ಚಪ್ಪಾಳೆ ತಟ್ಟಬೇಕು. ಉಳಿದವರೂ ತಟ್ಟಬೇಕು. ಆಮೇಲೆ ಬೋಂಡ, ಕಾಫಿ. ಬೇರೆಯವರ ಶಿಷ್ಯರನ್ನು ಯಾರೂ ಕೆಣಕುವುದಿಲ್ಲ, ನಾಳೆ ತಮ್ಮ ಶಿಷ್ಯರೂ ಅಲ್ಲಿ ನಿಲ್ಲಬೇಕಲ್ಲ. ಅವತ್ತೂ ಸೆಮಿನಾರ್ ಹಾಲಿನ ಹಿಂಬದಿಯಲ್ಲಿ ಬೋಂಡದ ಬುಟ್ಟಿ ಮೊದಲೇ ಬಂದು ಕೂತು ಘಮಘಮಿಸುತ್ತಿತ್ತು.

ಸುಕನ್ಯ ಪ್ರೊಜೆಕ್ಟರಿನ ಮೇಲೆ ಮೊದಲ ಪಾರದರ್ಶಕ ಹಾಳೆ ಇಟ್ಟಳು. ಕಾರಿಡಾರಿನ ಅದೇ ಕತ್ತರಿ ಚಿತ್ರ. ಪೀರಪ್ಪನವರು ಮುಂದಿನ ಸಾಲಿನಲ್ಲಿ ಹಿಂದಕ್ಕೆ ಒರಗಿ ಕೂತರು. ಅವರಿಗೆ ನೆಮ್ಮದಿಯಾದದ್ದು ಎಲ್ಲರಿಗೂ ಕಂಡಿತು.

"ಇದು ನಮ್ಮ ಅಂಕಿ ಕೊಡೋ ಕಂಪನ," ಎಂದಳು. "ಈಗ ನಾನು ಅಂಕೀನ ಸರಿಯಾದ ಕಡೆಗೆ ತಗೊಂಡು ಹೋಗ್ತೀನಿ. ಇದು ಎಲ್ಲಿಗೆ ಹೋಗುತ್ತೆ ನೋಡಿ."

ಒಂದರ ಮೇಲೊಂದು ಹಾಳೆ ಇಡುತ್ತಾ ಹೋದಳು. ಗೋಡೆಯ ಮೇಲೆ ಕೆಂಪು ಗೆರೆ ಇಳಿಯುತ್ತಾ ಬಂತು. ಕೊನೆಯ ಹಾಳೆ ಇಡುವ ಮುಂಚೆಯೇ ಪೀರಪ್ಪನವರು ಎದ್ದು ನಿಂತಿದ್ದರು.

"ನಿಲ್ಸು! ಸೊನ್ನೆ ಬರ್ತಾ ಇದೆ ಅಂದ್ರೆ ನಿನ್ನ ಲೆಕ್ಕ ತಪ್ಪು ಅಂತ ಅರ್ಥ."

"ಸೊನ್ನೆ ಬಂದ್ರೇನೇ ಲೆಕ್ಕ ಸರಿ ಸರ್," ಎಂದಳು ಸುಕನ್ಯ. ಅವಳ ದನಿ ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟಳು. "ತಿರುಗೋದಕ್ಕೆ ಶಕ್ತಿ ಬೇಡ. ಸೊನ್ನೆಗೆ ಬಂತು ಅಂದ್ರೆ ಇದು ಬರೀ ತಿರುಗಾಟ. ಕಂಪನ ಅಲ್ಲ. ಯಾವತ್ತೂ ಆಗಿರ್ಲಿಲ್ಲ."

"ನಿನಗಿಂತ ಮೊದ್ಲು ಇದೇ ಅಂಕಿಯಲ್ಲಿ ಎಷ್ಟು ಜನ ಡಿಗ್ರಿ ತಗೊಂಡಿದಾರೆ ಗೊತ್ತಾ?"

"ಗೊತ್ತು ಸರ್. ಅಪ್ಪ ನೆಟ್ಟ ಆಲದಮರ ಅಂತ ನೇಣು ಹಾಕ್ಕೊಳಕ್ಕಾಗುತ್ತಾ? ನನ್ನ ಐದೂ ಹೋದ್ವು, ನೋಡಿ." ಅವಳು ತನ್ನ ಬಂಗಾರದ ಅಧ್ಯಾಯದ ಹಾಳೆಯನ್ನು ಇಟ್ಟಳು. ಐದು ಗೆರೆಗಳೂ ತಳ ಕಂಡಿದ್ದವು. ಮೇಲೆ ಒಂದು ಪುಟ್ಟ ಗೆರೆ ಮಾತ್ರ ಉಳಿದಿತ್ತು. "ಇದೊಂದೇ ನಿಜವಾದ ಕಂಪನ. ಸಣ್ಣದು. ನಂಗೆ ಇದೇ ಸಾಕು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೀರಪ್ಪನವರು ಹೊರಗೆ ಹೋದರು. ಬಾಗಿಲಲ್ಲಿ ತಿರುಗಿ, "ನನ್ನ ಸಹಿ ನಿಂಗೆ ಸಿಗಲ್ಲ," ಎಂದರು. ಮಜೀದಾ ಹಿಂದಿನಿಂದ ಕೈ ಎತ್ತಿ, "ನಂದೊಂದು ಪ್ರಶ್ನೆ ಇದೆ," ಎಂದರು. ಆ ಹಾಲಿನಲ್ಲಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಬೇರೆಯವರೂ ಕೇಳತೊಡಗಿದರು. ಬೋಂಡ ಆರಿ ತಣ್ಣಗಾಯಿತು.

ಆಮೇಲೆ ಮಜೀದಾ ಕಾರಿಡಾರಿನಲ್ಲಿ ಹೇಳಿದರು. "ನಾನು ಗೈಡ್ ಆಗ್ತೀನಿ. ಆದ್ರೆ ಗೈಡ್ ಬದಲಾದ್ರೆ ರಿಜಿಸ್ಟ್ರೇಷನ್ ಮೊದಲಿಂದ ಆಗ್ಬೇಕು. ಇನ್ನು ಮೂರು ವರ್ಷ. ಆಗುತ್ತಾ?"

"ಆಗ್ದೆ ಏನು?" ಎಂದಳು ಸುಕನ್ಯ. ಬಸ್ಸು ಹತ್ತಿ ಕೂತ ಮೇಲೆ ಅಳು ಬಂತು. ತಡೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಒಂದು ತಟ್ಟೆಯಲ್ಲಿ ಸಿಮೆಂಟ್ ಕಲಸಿಕೊಂಡು, ಕರಣೆ ಹಿಡಿದು ಗೇಟಿನ ಹತ್ತಿರ ಹೋದಳು. ಬಾಡಿಗೆ ಮನೆಯವರೆಲ್ಲ ಹೊರಗೆ ಬಂದು ನಿಂತರು. ಜಟ್ಟೆಮ್ಮನೂ ಇದ್ದಳು. ದೊಡ್ಡಮುನಿಯಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ.

"ಏನ್ ಮಾಡ್ತಿದ್ದೀಯ ನೀನು?"

"ಹೆಸರಿನ ಮುಂದಿರೋ ಅಕ್ಷರ ಮುಚ್ತಾ ಇದೀನಿ. ಅದು ನಂದಲ್ಲ. ಇಲ್ಲದ್ದನ್ನ ಇದೆ ಅಂತ ಹಾಕ್ಕೊಂಡು ಕೂತಿರೋದು ನಂಗಾಗಲ್ಲ."

ಅವನು ಮಗಳ ಮುಖ ನೋಡಿದ. "ನಿಮ್ ಮೇಷ್ಟ್ರದ್ದು ಏನ್ ತಪ್ಪು? ನಂಗೆ ತಿಳಿಯೋ ಹಂಗೆ ಹೇಳು."

"ಬುಟ್ಟಿ ತಳಕ್ಕೆ ಹುಲ್ಲು ತುಂಬಿ ಮೇಲೆ ಹಣ್ಣು ಜೋಡಿಸ್ತಿದ್ರಲ್ಲ ಕೆಲವರು, ಹಂಗೆ. ಮೊದ್ಲು ಅವರಿಗೂ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಹಂಗೇ ಮಾರು ಅಂದ್ರು."

ದೊಡ್ಡಮುನಿಯಪ್ಪ ತನ್ನ ತೋಟದ ಬುಟ್ಟಿಯಲ್ಲಿ ಎಂದೂ ಹುಲ್ಲು ತುಂಬಿದವನಲ್ಲ. ಹಣ್ಣಿನ ಮಂಡಿಯ ವ್ಯಾಪಾರಿಗಳು ನಕ್ಕಾಗಲೂ ತುಂಬಿರಲಿಲ್ಲ. ಅವನು ಸರಕ್ಕನೆ ಒಳಗೆ ಹೋದ. ಅಪ್ಪನಿಗೆ ಅವಮಾನವಾಯಿತು ಎಂದುಕೊಂಡ ಸುಕನ್ಯ, ಹಲ್ಲು ಕಚ್ಚಿ ಕರಣೆಯಲ್ಲಿ ಸಿಮೆಂಟ್ ಎತ್ತಿದಳು.

ಅಷ್ಟರಲ್ಲಿ ಅವನು ತಿರುಗಿ ಬಂದ. ಕೈಯಲ್ಲಿ ಆಂಜನಮ್ಮ ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿನ ಉಂಡೆ ಇತ್ತು. ಮಗಳ ಕೈಯಿಂದ ಕರಣೆ ಕಿತ್ತು ಪಕ್ಕಕ್ಕಿಟ್ಟು, ಕೆಮ್ಮಣ್ಣನ್ನು ನೀರಿನಲ್ಲಿ ನಾದಿ, ಹೆಬ್ಬೆರಳಿನಿಂದ "ಡಾ" ಎಂಬ ಅಕ್ಷರದ ಒಳಗೆ ತಾನೇ ಮೆತ್ತತೊಡಗಿದ. ಚುಕ್ಕಿಯನ್ನೂ ಬಿಡಲಿಲ್ಲ. ಬೀದಿಯವರೆಲ್ಲ ನೋಡುತ್ತಿದ್ದರು. ಅವನು ಯಾರ ಕಡೆಗೂ ತಿರುಗಲಿಲ್ಲ.

"ಸಿಮೆಂಟ್ ಯಾಕವ್ವಾ ಹಾಕ್ತೀಯ?" ಎಂದ. "ಕಲ್ಲು ಹಾಳಾಗುತ್ತೆ. ಇದಾದ್ರೆ, ನಿಂದು ಅಂತ ಆದ ದಿನ ಒಂದು ಕಡ್ಡೀಲಿ ಕೆದಕಿದ್ರೆ ಬಂದ್ಬಿಡುತ್ತೆ."