ನಕಾಶೆಯೊಳಗಿನ ಹೊಳೆ

ತಡಸದ ಶೇಖಸಾಬನ ಸಾಮಿಲ್ಲಿಗೆ ಮರ ಕಡಿಯುವವರದು ಒಂದು ಪದ್ಧತಿ. ಹಿಂದಿನ ಸಂಜೆ ಮರಕ್ಕೆ ಕೊಡಲಿ ಆನಿಸಿ ಬರಬೇಕು. ಬೆಳಿಗ್ಗೆ ಕೊಡಲಿ ನಿಂತೇ ಇದ್ದರೆ ಮರ ಕಡಿಯಬಹುದು, ಬಿದ್ದಿದ್ದರೆ ಕೈಮುಗಿದು ಮನೆಯ ದಾರಿ ಹಿಡಿಯಬೇಕು.

ಬೆಳಿಗ್ಗೆ ಮಂಜುಳಾ ತಮ್ಮ ಹೊಲಕ್ಕೆ ಬಂದಾಗ ಕೊಡಲಿ ಬಿದ್ದಿತ್ತು. ಸುಮ್ಮನೆ ಬಿದ್ದದ್ದಲ್ಲ, ಮರದಿಂದ ನಾಲ್ಕು ಮಾರು ದೂರ, ಯಾರೋ ಎಸೆದ ಹಾಗೆ. ಅಯ್ಯ, ಗಾಳಿಗೆ ಬಿದ್ದಿರಬೇಕು ಬಿಡು! ಎಂಟು ವರ್ಷ ಒಂದೇ ಬಾಡಿಗೆ ಕೋಣೆಯಲ್ಲಿ ಅಡಿಗೆ, ಹಾಸಿಗೆ ಎಲ್ಲ. ಅವಳಿಗೆ ಸಾಕುಸಾಕಾಗಿ ಹೋಗಿತ್ತು. ಈಗ ಸ್ವಂತ ಮನೆ ಎದ್ದಿತ್ತು. ತಲಬಾಗಿಲ ಚೌಕಟ್ಟೊಂದೇ ಬಾಕಿ, ಅದು ಈ ಮತ್ತಿ ಮರದ್ದೇ ಆಗಬೇಕು. ಅತ್ತಿತ್ತ ನೋಡಿ ಕೊಡಲಿ ಎತ್ತಿ ಮರಕ್ಕೆ ಆನಿಸಿಬಿಟ್ಟಳು. ಹಿಡಿ ಒದ್ದೆಯಾಗಿತ್ತು. ಇಬ್ಬನಿ ಅಂದುಕೊಂಡಳು.

ಹಿಂದಿನಿಂದ ಬಂದ ಗಂಡ ಶಿವಯೋಗಿ, ಕೊಡಲಿ ನಿಂತದ್ದು ನೋಡಿ ಖುಷಿಯಿಂದ ಅಂಗಿ ಕಳಚಿದ. ಇವಳು ಟ್ರ್ಯಾಕ್ಟರ್ ಕರೆಯಲು ಹೊಲದ ಪಕ್ಕದ ಸಾಮಿಲ್ಲಿಗೆ ಹೋದಳು.

“ಕೊಡ್ಲಿ ನಿಂತಿತ್ತೇನ ಯವ್ವಾ?” ಮುದುಕ ಶೇಖಸಾಬ ಕೇಳಿದ.

“ನಿಂತಿತ್ರಿ.”

ಅವನಿಗೆ ಸಮಾಧಾನವಾಗಲಿಲ್ಲ. ಗೋಡೆಯ ಮೇಲಿದ್ದ ಬ್ರಿಟಿಷರ ಕಾಲದ ನಕಾಶೆ ಇಳಿಸಿ ಧೂಳು ಒರೆಸಿದ. ಇಡೀ ಸೀಮೆ ಹಸಿರು ಅಡವಿ, ನಡುವೆ ನೀಲಿ ಹೊಳೆ. ದಂಡೆಯ ಮೇಲೆ ಒಂದೇ ಒಂದು ಮರದ ಗುರುತು, ಅದರ ಬಗಲಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಮೂರು ಹೆಸರು.

“ಇದು ನಿಮ್ಮ ಹೊಲದ ಮರ. ಬಿದ್ದ ಕೊಡ್ಲಿ ಎತ್ತಿ ನಿಂದ್ರಿಸಿದ ಮ್ಯಾಲೆ ಕಡದವ್ರ ಹೆಸರು ನಮ್ಮ ಅಜ್ಜಾರು ಬರದಿಟ್ಟಾರ. ಮೂವರೂ ಅಲ್ಲೇ ನೀರಾಗ ಮುಳುಗಿ ಸತ್ರು.”

“ಏನ್ ಚ್ಯಾಷ್ಟಿ ಮಾಡ್ತೀರಿ! ನಮ್ಮ ಹೊಲದಾಗ ಕುಡ್ಯಾಕ ನೀರಿಲ್ಲ.”

“ಅವಾಗೂ ಇರ್ಲಿಲ್ಲ, ಯವ್ವಾ. ಅದಕ್ಕೂ ಮೊದಲ ಹೊಳಿ ದಿಕ್ಕ ಬದಲಿಸಿತ್ತು.”

ಅಷ್ಟು ಹೊತ್ತು ಹೊಲದಿಂದ ಕೇಳುತ್ತಿದ್ದ ಕೊಡಲಿ ಏಟು ಆಗಲೇ ನಿಂತುಹೋಯಿತು. ಮಂಜುಳಾ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಸುಡುಗಾಡು ಚೌಕಟ್ಟು, ಸುಡುಗಾಡು ಮನೆ, ಬಾಡಿಗೆ ಕೋಣೆಯಲ್ಲೇ ಸಾಯುತ್ತೇನೆ, ಶಿವನೇ, ಅವನೊಬ್ಬ ಇರಲಿ!

ಶಿವಯೋಗಿ ಇದ್ದ. ಹತ್ತೇ ಹೆಜ್ಜೆ ದೂರ, ಅರ್ಧ ಕಡಿದ ಮರದ ಬುಡದಲ್ಲಿ, ಲುಂಗಿಯನ್ನು ತೊಡೆಯವರೆಗೆ ಎತ್ತಿ ಹಿಡಿದು ನಿಂತಿದ್ದ. ಸುತ್ತ ಒಣಗಿದ ಗೋವಿನಜೋಳದ ದಂಟು. ಒಂದು ಎಲೆಯೂ ಅಲುಗುತ್ತಿರಲಿಲ್ಲ, ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

“ಕಡೀಬ್ಯಾಡ್ರಿ! ಕೊಡ್ಲಿ ಬಿದ್ದಿತ್ತರಿ, ನಾನ ಎತ್ತಿ ನಿಂದ್ರಿಸೇನಿ! ಈ ಕಡೆ ಬರ್ರಿ!”

ಅವನು ಕಿವಿಗೆ ಕೈ ಹಚ್ಚಿ, ಗಂಟಲು ಹರಿಯುವಂತೆ ಒದರಿದ:

“ಏನಂದಿ? ಜೋರಾಗಿ ಹೇಳ! ಹೊಳಿ ಸಪ್ಪಳದಾಗ ಏನೂ ಕೇಳವಲ್ದು!”