ಸಾವಿರದ ಒಂಬತ್ತನೆಯ ಮರ

ಸಿಂಗಟಗೆರೆಯಲ್ಲಿ ಅಪ್ಪ ಬಿಟ್ಟುಹೋದ ತೋಟದಲ್ಲಿ ಸಾವಿರದ ಒಂಬತ್ತು ತೆಂಗಿನ ಮರಗಳಿದ್ದವು. ಇಬ್ಬರಿಗೆ ಹಂಚಿದಾಗ ಮಿಕ್ಕ ಆ ಒಂದು ಮರಕ್ಕಾಗಿ ರುದ್ರಮೂರ್ತಿ ಒಡಹುಟ್ಟಿದ ತಮ್ಮ ಮರುಳಪ್ಪನ ಎರಡು ಹಲ್ಲು ಉದುರಿಸಿದ್ದ.

ಕಡೂರಿನಲ್ಲಿ ಗಣಿತದ ಟೀಚರಾಗಿದ್ದ ತಂಗಿ ಕೋಮಲಾ ನಡುವೆ ಬಂದಳು. "ಅದು ಅವಿಭಾಜ್ಯ ಸಂಖ್ಯೆ ಕಣಣ್ಣ. ಎರಡರಿಂದಲೂ ಭಾಗ ಆಗಲ್ಲ, ಮೂರರಿಂದಲೂ ಆಗಲ್ಲ, ಯಾವುದ್ರಿಂದಲೂ ಆಗಲ್ಲ."

"ಹೆಂಗಾಗಲ್ಲ ನೋಡೇಬಿಡ್ತೀನಿ!" ರುದ್ರಮೂರ್ತಿ ಹುಚ್ಚು ಹಿಡಿದವನಂತೆ ಕೊಡಲಿ ಬೀಸಿದ. ಅಪ್ಪ ನೆಟ್ಟ ಮೊದಲ ಮರ ಗೊನೆಸಮೇತ ನೆಲಕ್ಕುರುಳಿತು. "ಈಗ ಹೇಳೇ!"

"ಸಾವಿರದೆಂಟು. ಎರಡರಿಂದ ಆಗುತ್ತೆ. ಮೂರರಿಂದಲೂ ಆಗುತ್ತೆ."

"ಮೂರ್ಯಾಕೇ?"

"ಅಪ್ಪನಿಗೆ ನಾನೂ ಹುಟ್ಟಿದೀನಲ್ಲಣ್ಣ."

ಕೊಡಲಿಯ ಕಾವು ಅವಳ ಬಾಯಿಗೇ ಬಿತ್ತು. ಕೋಮಲಾ ರಕ್ತ ಉಗುಳಿ, ಬಿದ್ದ ಮರವನ್ನೇ ಹಿಡಿದು ಎದ್ದು ನಿಂತಳು.

"ತಲಾ ಮುನ್ನೂರ ಮೂವತ್ತಾರು. ಶೇಷ ಸೊನ್ನೆ."